ಮಂಜಿನಲ್ಲಿ ಲಾರಿ: ಹಾಸನ, ಚಿಕ್ಕಮಗಳೂರು ದಾರಿಯ ಚಾಲಕರಿಗೆ ಸಮಗ್ರ ಮಾರ್ಗದರ್ಶಿ

ಶಿರಾಡಿ ಘಾಟಿ ಹತ್ತಿ ಇಳಿದು ಅಭ್ಯಾಸ ಇರುವ ಚಾಲಕನಿಗೆ ತಿರುವುಗಳ ಪಾಠ ಬೇಕಾಗಿಲ್ಲ. ದೋಣಿಗಲ್ ದಾಟಿದ ಮೇಲೆ ಎಲ್ಲಿ ಗೇರು ಇಳಿಸಬೇಕು, ಮಾರನಹಳ್ಳಿ ಕಡೆ ಎಲ್ಲಿ ಹುಷಾರಾಗಿರಬೇಕು ಅನ್ನುವುದು ಕೈಕಾಲಿಗೇ ಗೊತ್ತಿರುತ್ತದೆ. ಆದರೆ ನಿನ್ನೆ ಖಾಲಿ ಇದ್ದ ತಿರುವಿನಲ್ಲಿ ಇವತ್ತು ಒಂದು ಲಾರಿ ಆಕ್ಸಲ್ ಮುರಿದುಕೊಂಡು ನಿಂತಿದ್ದರೆ ಆ ಅಭ್ಯಾಸ ಕೆಲಸಕ್ಕೆ ಬರಲ್ಲ. ಲೈಟಿಲ್ಲದೆ ನಿಂತ ಗಾಡಿಯಷ್ಟು ಭಯ ಹುಟ್ಟಿಸುವುದು ಮಂಜಿನ ರಸ್ತೆಯಲ್ಲಿ ಇನ್ನೊಂದಿಲ್ಲ.

ಹಾಗಾಗಿ ಈ ಬರಹದ ತುಂಬ ಎರಡೇ ಮಾತು ಓಡಾಡುತ್ತವೆ. ಕಣ್ಣಿಗೆ ಕಾಣುವಷ್ಟು ದೂರದೊಳಗೆ ಗಾಡಿ ನಿಲ್ಲಬೇಕು. ನಿಂತ ಗಾಡಿ ಬೇರೆಯವರ ಕಣ್ಣಿಗೆ ಕಾಣಬೇಕು. ಉಳಿದದ್ದೆಲ್ಲ ಈ ಎರಡನ್ನು ಮಾಡುವ ದಾರಿ.

1. ಇದು ಯಾವ ಮಂಜು?

ನಮ್ಮ ಕಡೆ ಎರಡು ಥರದ ಮಂಜು ಬರುತ್ತದೆ. ಎರಡರ ಸ್ವಭಾವವೂ ಬೇರೆ.

ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಚನ್ನರಾಯಪಟ್ಟಣ, ಹಾಸನ, ಆಲೂರು, ಕಡೂರು, ಬೀರೂರಿನ ಬಯಲಲ್ಲಿ ಬೀಳುವುದು ಚಳಿಗಾಲದ ಮಂಜು. ಮೋಡವಿಲ್ಲದ ರಾತ್ರಿ, ಗಾಳಿ ನಿಂತಿದ್ದರೆ ನೆಲ ಬೇಗ ತಣ್ಣಗಾಗುತ್ತದೆ. ಅದರ ಮೇಲಿನ ತೇವದ ಗಾಳಿ ಮಂಜಾಗಿ ಕೆಳಗೇ ಕೂರುತ್ತದೆ. ಕೆರೆ ಏರಿ, ಗದ್ದೆ ಬಯಲು, ಹೊಳೆ ಸೇತುವೆ ಇರುವಲ್ಲಿ ಜಾಸ್ತಿ ದಟ್ಟ. ಬೆಳಗಿನ ಜಾವದಿಂದ ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿನವರೆಗೆ ಅದರ ಜೋರು. ಬಿಸಿಲೇರಿದರೆ ಕರಗುತ್ತದೆ. ಇದಕ್ಕೆ ಮದ್ದು ಕಾಯುವುದು. ಒಂದೆರಡು ಗಂಟೆ ಬಂಕಿನಲ್ಲಿ ನಿಂತರೆ ರಸ್ತೆ ತಾನಾಗಿಯೇ ತೆರೆದುಕೊಳ್ಳುತ್ತದೆ.

ಈ ಮಂಜಿನಲ್ಲಿ ಲಾರಿ ಚಾಲಕರಿಗೇ ಒಂದು ವಿಶೇಷ ಅಪಾಯ ಇದೆ. ಮಂಜು ಕೆಲವು ಸಲ ತೀರಾ ತಗ್ಗಿನಲ್ಲಿರುತ್ತದೆ. ಎತ್ತರದ ಕ್ಯಾಬಿನ್‌ನಿಂದ ದೂರದ ಮರದ ತಲೆ, ಎದುರು ಲಾರಿಯ ನೆತ್ತಿ ಕಾಣುತ್ತವೆ. ದಾರಿ ಚೆನ್ನಾಗಿದೆ ಅನಿಸುತ್ತದೆ. ಕೆಳಗೆ ಬೈಕಿನವನು, ಕಾರಿನವನು ಪೂರ್ತಿ ಮುಳುಗಿರುತ್ತಾನೆ. ಮರದ ತಲೆ ನೋಡಿ ವೇಗ ಲೆಕ್ಕ ಹಾಕಬೇಡಿ, ಟಾರು ಎಷ್ಟು ದೂರ ಕಾಣುತ್ತಿದೆ ಅದನ್ನು ನೋಡಿ.

ಎರಡನೆಯದು ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಿಂದ ಬಂದ ಮೋಡ ಘಟ್ಟಕ್ಕೆ ತಾಗಿ ರಸ್ತೆಯ ಮೇಲೇ ಹಾದುಹೋಗುತ್ತದೆ. ಅದಕ್ಕೆ ಹೊತ್ತುಗೊತ್ತಿಲ್ಲ. ಮಧ್ಯಾಹ್ನ 2 ಗಂಟೆಗೂ ಲೈಟು ಹಾಕಬೇಕಾಗುತ್ತದೆ. ಒಂದು ತಿರುವು ಸ್ವಚ್ಛ, ಮುಂದಿನ ತಿರುವಿನಲ್ಲಿ ಬಾನೆಟ್ಟಿನ ಆಚೆ ಏನೂ ಇಲ್ಲ. ಚಾರ್ಮಾಡಿ ಘಾಟಿಯ ಮೇಲ್ತುದಿಯ ಕೊಟ್ಟಿಗೆಹಾರದಲ್ಲಿ ಕಾಯುತ್ತಾ ಕೂತರೆ ಇಡೀ ದಿನ ಹಾಗೇ ಇದ್ದರೂ ಇರಬಹುದು. ಆದರೆ ಇದು ಎತ್ತರದ ಮಂಜು. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಗುಂಡ್ಯ ಘಟ್ಟದ ಬುಡದಲ್ಲಿದೆ. ಅಷ್ಟು ಇಳಿಯುವಷ್ಟರಲ್ಲಿ ಸಾಮಾನ್ಯವಾಗಿ ಮಂಜು ಮೇಲೆ ಉಳಿದಿರುತ್ತದೆ. ಕಷ್ಟ ಇರುವುದು ಮೇಲಿನ ಭಾಗದಲ್ಲಿ. ಅಲ್ಲಿ ಮಳೆ, ಜಾರುವ ರಸ್ತೆ, ಧರೆ (ರಸ್ತೆ ಬದಿಯ ಮಣ್ಣಿನ ಗೋಡೆ) ಕುಸಿತ ಎಲ್ಲ ಒಟ್ಟಿಗೇ ಇರುತ್ತವೆ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 200 ಮೀಟರ್ ಒಳಗೆ ಮಾತ್ರ ಕಂಡರೆ ದಟ್ಟ ಮಂಜು, 50 ಮೀಟರ್ ಒಳಗಾದರೆ ಅತಿ ದಟ್ಟ ಮಂಜು. ಘಾಟಿಯಲ್ಲಿ ನಾವು ದಿನಾ ನೋಡುವುದು ಈ ಎರಡನೆಯದನ್ನು.

2. ಹೊರಡುವ ಮೊದಲು ಗಾಡಿಯ ಬೆನ್ನು ನೋಡಿ

ಗಾಡಿ ಚೆಕ್ ಮಾಡುವುದೆಂದರೆ ನಮ್ಮಲ್ಲಿ ಟೈರು ತಟ್ಟುವುದು, ಆಯಿಲ್ ನೋಡುವುದು, ಗಾಜು ಒರೆಸುವುದು. ಹಿಂಭಾಗಕ್ಕೆ ಹೋಗಿ ನಿಲ್ಲುವವರು ಕಮ್ಮಿ. ಮಂಜಿನ ದಾರಿಗೆ ಹೊರಟಾಗ ಅಲ್ಲಿಂದಲೇ ಶುರು ಮಾಡಿ.

ಮಂಗಳೂರಿನಿಂದ ಮಳೆಯಲ್ಲಿ ಹತ್ತಿ ಬಂದ ಲಾರಿಯ ಹಿಂಭಾಗವನ್ನು ಒಮ್ಮೆ ಹತ್ತಿರದಿಂದ ನೋಡಿ. ಟೈಲ್ ಲ್ಯಾಂಪಿನ ಮೇಲೆ ಕೆಂಪು ಮಣ್ಣಿನ ಪದರ. ಅದರ ಮೇಲೆ ಡೀಸೆಲ್ ಹೊಗೆಯ ಎಣ್ಣೆ ಜಿಡ್ಡು. ಒಳಗೆ ಬಲ್ಬು ಉರಿಯುತ್ತಿದ್ದರೂ ಹೊರಗೆ ಬರುವುದು ಕಂದು ಬೆಳಕು. ಒಣಬಟ್ಟೆಯಲ್ಲಿ ಒರೆಸಿದರೆ ಮಣ್ಣು ಹರಡುತ್ತದೆ ಅಷ್ಟೆ. ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಎರಡು ಸಲ ಒರೆಸಿ, ಆಮೇಲೆ ಬೆರಳಲ್ಲಿ ಉಜ್ಜಿ ನೋಡಿ. ಬೆರಳು ಜಾರಿದರೆ ಜಿಡ್ಡು ಇನ್ನೂ ಇದೆ ಅಂತ ಅರ್ಥ. ಘಾಟಿಯ ಎರಡೂ ತುದಿಯಲ್ಲಿ, ಚಹಾ ಕುಡಿಯಲು ನಿಂತಾಗ, ಈ ಕೆಲಸ ಮಾಡಬಹುದು.

ಟಾರ್ಪಲ್ಲಿನ ತುದಿ ಅಥವಾ ಹಗ್ಗ ಲ್ಯಾಂಪಿನ ಮೇಲೆ ಇಳಿಬಿದ್ದಿರುತ್ತದೆ. ಕಟ್ಟುವಾಗ ಸರಿಯಿದ್ದದ್ದು ಗಾಳಿಗೆ ಸಡಿಲವಾಗಿರುತ್ತದೆ. ಎತ್ತಿ ಕಟ್ಟಿ.

ಬೆಳಕು ಹಿಂತಿರುಗಿಸುವ ಸ್ಟಿಕ್ಕರ್ ಪಟ್ಟಿ ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು ಇರಬೇಕು. ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸುವ ದಿನ ಹೊಸದು, ಮೂರು ತಿಂಗಳಲ್ಲಿ ಅರ್ಧ ಕಿತ್ತಿರುತ್ತದೆ. ಲೈಟು, ಬ್ಯಾಟರಿ ಎಲ್ಲ ಕೈಕೊಟ್ಟಾಗ ನಿಮ್ಮ ಗಾಡಿಯನ್ನು ತೋರಿಸುವುದು ಈ ಪಟ್ಟಿ ಮಾತ್ರ. ಪಕ್ಕದ ಹಳದಿ ಪಟ್ಟಿಯನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ. ಘಾಟಿಯಲ್ಲಿ ಗಾಡಿ ಅಡ್ಡ ತಿರುಗಿ ನಿಂತರೆ ಎದುರಿನವನಿಗೆ ಕಾಣುವುದು ಪಕ್ಕದ ಭಾಗವೇ, ಅಲ್ವಾ?

ಹಿಂದಿನ ಗಾರ್ಡ್, ಅಂದರೆ ಬಾಡಿಯ ಕೆಳಗಿನ ಅಡ್ಡ ಕಬ್ಬಿಣ, ಅದನ್ನೂ ನೋಡಿ. ಲೋಡು ಇಳಿಸಲು ಅಡ್ಡ ಅಂತ ಅದನ್ನು ಬಿಚ್ಚಿಡುವವರಿದ್ದಾರೆ. ಆ ಗಾರ್ಡ್ ಇಲ್ಲದಿದ್ದರೆ ಹಿಂದಿನಿಂದ ಬಂದ ಕಾರಿನ ಬಂಪರ್ ಯಾವುದಕ್ಕೂ ತಾಗುವುದಿಲ್ಲ. ಕಾರು ಲಾರಿ ಅಡಿಗೆ ನುಗ್ಗಿ, ಬಾಡಿಯ ಅಂಚು ನೇರವಾಗಿ ಮುಂದಿನ ಗಾಜಿಗೆ ಬರುತ್ತದೆ. ಏರ್‌ಬ್ಯಾಗ್ ಇದ್ದರೂ ಅಷ್ಟೇ.

ಕಬ್ಬಿಣದ ಸರಳು, ಬಿದಿರು, ದಿಮ್ಮಿ ಬಾಡಿಯಿಂದ ಹೊರಗೆ ಚಾಚಿಕೊಂಡಿದ್ದರೆ ಅದಕ್ಕೆ ಕೆಂಪು ಬಟ್ಟೆ ಕಟ್ಟುವುದು ರೂಢಿ. ಮಂಜಿನಲ್ಲಿ ಕೆಂಪು ಬಟ್ಟೆ ಕಾಣಲ್ಲ. ಸರಳಿನ ತುದಿಯೂ ಕಾಣಲ್ಲ. ಮೋಟಾರು ವಾಹನ ಕಾಯ್ದೆಯ 2019 ರ ತಿದ್ದುಪಡಿಯ ನಂತರ ಹೀಗೆ ಚಾಚಿದ ಲೋಡಿಗೆ 20,000 ರೂಪಾಯಿ ದಂಡ ಇದೆ. ದಂಡದ ಮಾತು ಬಿಡಿ, ಅಂಥ ಲೋಡನ್ನು ಮಂಜಿನ ಘಾಟಿಗೆ ತರಲೇಬಾರದು.

ಕ್ಯಾಬಿನ್‌ನಲ್ಲಿ ಇರಲೇಬೇಕಾದ ಸಾಮಾನು:

- ಎಚ್ಚರಿಕೆಯ ತ್ರಿಕೋನ. ಕಾನೂನು ಒಂದು ಕೇಳುತ್ತದೆ, ಘಾಟಿಗೆ ಎರಡು ಬೇಕು.
- ಮಿನುಗುವ ಬ್ಯಾಟರಿ ದೀಪ, ಅಡಿಯಲ್ಲಿ ಅಯಸ್ಕಾಂತ ಇರುವಂಥದ್ದು. ಗಾಡಿಯ ಬ್ಯಾಟರಿ ಸತ್ತರೂ ಇದು ಉರಿಯುತ್ತದೆ.
- ಹೊಳೆಯುವ ಜಾಕೆಟ್, ಚಾಲಕನಿಗೊಂದು, ಕ್ಲೀನರ್‌ಗೊಂದು.
- ಟಾರ್ಚು, ಚಕ್ರಕ್ಕೆ ಕೊಡುವ ಮರದ ಅಡ್ಡೆ ಎರಡು, ಒಣಬಟ್ಟೆ.

ಗಾಜಿನ ಒಳಗೆ ಕಟ್ಟುವ ಹಬೆ ಹೊರಗಿನ ಮಂಜಿಗಿಂತ ಹೆಚ್ಚು ಕಾಟ ಕೊಡುತ್ತದೆ. 2025 ರ ಅಕ್ಟೋಬರ್ 1 ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಅಂಥ ಗಾಡಿ ಇದ್ದರೆ ಎಸಿಯನ್ನು ಗಾಜಿನ ಕಡೆಗೆ ತಿರುಗಿಸಿದರೆ ಸಾಕು. ಹಳೆ ಗಾಡಿಯಾದರೆ ಎರಡೂ ಕಿಟಕಿ ಎರಡು ಬೆರಳಷ್ಟು ಇಳಿಸಿ ಗಾಳಿ ಆಡಲು ಬಿಡಿ. ಹೊರಡುವ ಮೊದಲೇ ಒಳಗಾಜಿಗೆ ಶಾಂಪೂ ತೆಳುವಾಗಿ ಸವರಿ ಒಣಬಟ್ಟೆಯಲ್ಲಿ ಪೂರ್ತಿ ಉಜ್ಜಿಬಿಡಿ. ಸಾಕಷ್ಟು ಹೊತ್ತು ಹಬೆ ಹಿಡಿಯಲ್ಲ.

3. ಹೊತ್ತು ಮತ್ತು ಒತ್ತಡ

ಬೆಳಗಿನ ಜಾವ 3 ರಿಂದ 6 ರವರೆಗೆ ಮೈಗೆ ನಿದ್ದೆಯ ಸೆಳೆತ ಜಾಸ್ತಿ. ಚಳಿಗಾಲದ ಮಂಜು ದಟ್ಟವಾಗುವುದೂ ಆಗಲೇ. ಮೀನಿನ ಗಾಡಿ, ತರಕಾರಿ ಗಾಡಿ ಓಡುವುದೂ ಆ ಹೊತ್ತಿನಲ್ಲೇ. ಇದು ಚಾಲಕ ಒಬ್ಬನ ಕೈಯಲ್ಲಿರುವ ವಿಷಯ ಅಲ್ಲ. ಆರು ಗಂಟೆಗೆ ಮಾರ್ಕೆಟ್ಟಿನಲ್ಲಿ ಗಾಡಿ ಇರಬೇಕು ಅಂತ ಫೋನ್ ಮೇಲೆ ಫೋನ್ ಮಾಡುವ ಓನರ್ ಮತ್ತು ಮಂಡಿಯವರು ಈ ಪ್ಯಾರಾವನ್ನು ಓದಬೇಕು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅನ್ನುವುದು ಕಾನೂನು. ಮಂಜಿಗೆ ಎರಡು ಗಂಟೆ ಸೇರಿಸಿಯೇ ಬಾಡಿಗೆ ಮಾತಾಡಿ. ಮಂಜಿನಲ್ಲಿ ಓಡಿಸುತ್ತಿರುವವನಿಗೆ ಫೋನ್ ಮಾಡಬೇಡಿ. ಚಾಲಕ 'ನಿಲ್ಲಿಸಿದ್ದೇನೆ' ಅಂದರೆ 'ಸರಿ' ಅನ್ನಿ.

ದಾರಿಯ ಸ್ಥಿತಿ ಹೊರಡುವ ದಿನವೇ ಕೇಳಿ. 2019 ರ ಭೂಕುಸಿತದ ನಂತರ ಚಾರ್ಮಾಡಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಬಂತು. ಅದರ ನಿಯಮ ಕಾಲಕ್ಕೆ ತಕ್ಕಂತೆ ಬದಲಾಗುತ್ತಿರುತ್ತದೆ. ಶಿರಾಡಿಯಲ್ಲಿ 2024 ರ ಜುಲೈನಲ್ಲಿ ದೊಡ್ಡತಪ್ಪಲೆ ಬಳಿ ಗುಡ್ಡ ಕುಸಿದು ಸಂಚಾರ ಮತ್ತೆ ಮತ್ತೆ ನಿಂತಿತ್ತು. ಮಂಜಿನಲ್ಲಿ ಘಾಟಿಯ ಬಾಗಿಲವರೆಗೆ ಹೋಗಿ, ತಡೆ ಹಾಕಿದ್ದಾರೆ ಅಂತ ಕಿರಿದಾದ ರಸ್ತೆಯಲ್ಲಿ ಲಾರಿ ತಿರುಗಿಸುವ ಪರಿಸ್ಥಿತಿ ಯಾರಿಗೂ ಬೇಡ.

4. ವೇಗ: ಲಾರಿ ಉದ್ದದ ಲೆಕ್ಕ

ಮಂಜಿನಲ್ಲಿ ನಿಧಾನವಾಗಿ ಹೋಗಿ ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಎಷ್ಟು ನಿಧಾನ? ಇದಕ್ಕೆ ಲೆಕ್ಕ ಇದೆ.

ಹತ್ತು ಚಕ್ರದ ಲಾರಿಯ ಉದ್ದ ಹೆಚ್ಚುಕಮ್ಮಿ 10 ಮೀಟರ್. ಅದನ್ನೇ ಅಳತೆ ಮಾಡಿಕೊಳ್ಳಿ. ಎದುರಿಗೆ ಏನೋ ಕಂಡು, ಅದು ನಿಂತ ಗಾಡಿ ಅಂತ ತಿಳಿದು, ಕಾಲು ಬ್ರೇಕಿಗೆ ಹೋಗಲು ಸುಮಾರು 2 ಸೆಕೆಂಡು. ಏರ್ ಬ್ರೇಕ್‌ನಲ್ಲಿ ಗಾಳಿ ಹೋಗಿ ಲೈನರ್ ಹಿಡಿಯಲು ಇನ್ನೊಂದು ಅರ್ಧ ಸೆಕೆಂಡು. ಆಮೇಲೆ ಗಾಡಿ ನಿಲ್ಲಲು ಬೇಕಾದ ದೂರ. ಒದ್ದೆ ರಸ್ತೆ, ತುಂಬಿದ ಲೋಡು, ಸಮತಟ್ಟು ಜಾಗ, ಬ್ರೇಕ್ ಚೆನ್ನಾಗಿದೆ ಅಂತಿಟ್ಟುಕೊಂಡರೆ ಅಂದಾಜು ಹೀಗೆ ಬರುತ್ತದೆ:

- 20 ಕಿ.ಮೀ. ವೇಗದಲ್ಲಿ 18 ಮೀಟರ್, ಅಂದರೆ ಎರಡು ಲಾರಿ ಉದ್ದ
- 30 ರಲ್ಲಿ 31 ಮೀಟರ್, ಮೂರು ಲಾರಿ ಉದ್ದ
- 40 ರಲ್ಲಿ 45 ಮೀಟರ್, ನಾಲ್ಕೂವರೆ ಲಾರಿ ಉದ್ದ
- 60 ರಲ್ಲಿ 81 ಮೀಟರ್, ಎಂಟು ಲಾರಿ ಉದ್ದ

ಮೂರು ಲಾರಿ ಉದ್ದ ಮಾತ್ರ ಕಾಣುವ ಮಂಜಿನಲ್ಲಿ 40 ರಲ್ಲಿ ಹೋಗುತ್ತಿದ್ದರೆ, ನಿಂತ ಗಾಡಿ ಕಂಡ ಕ್ಷಣಕ್ಕೇ ಗುದ್ದುವುದು ಖಾತ್ರಿಯಾಗಿರುತ್ತದೆ. ನೀವು ಎಷ್ಟೇ ಚುರುಕಾಗಿದ್ದರೂ ಅಷ್ಟೆ. ಇಳಿಜಾರಿನಲ್ಲಿ ಇನ್ನೂ ಜಾಸ್ತಿ ದೂರ ಬೇಕು.

ಇದು ಹಾಸನದ ಕಡೆಯ ಚತುಷ್ಪಥದ ಲೆಕ್ಕ. ಎರಡೂ ಕಡೆ ಗಾಡಿ ಓಡುವ ರಸ್ತೆಯಲ್ಲಿ ಎದುರಿನವನು ಓವರ್‌ಟೇಕ್ ಮಾಡುತ್ತಾ ನಿಮ್ಮ ಪಥಕ್ಕೇ ಬಂದಿರಬಹುದು. ಅವನಿಗೂ ನಿಲ್ಲಲು ಜಾಗ ಬೇಕು. ಹಾಗಾಗಿ ಕಾಣುವ ದೂರದಲ್ಲಿ ನಿಮ್ಮ ಪಾಲು ಅರ್ಧ ಮಾತ್ರ. ಮೂರು ಲಾರಿ ಉದ್ದ ಕಂಡರೆ ಚತುಷ್ಪಥದಲ್ಲಿ 30 ಕ್ಕಿಂತ ಸ್ವಲ್ಪ ಕೆಳಗೆ, ಘಾಟಿಯಲ್ಲಿ 15. ಎರಡು ಲಾರಿ ಉದ್ದವೂ ಕಾಣದಿದ್ದರೆ ಓಡಿಸುವ ಮಾತೇ ಬೇಡ, ನಿಲ್ಲಲು ಜಾಗ ಹುಡುಕಿ.

ಓಡಿಸುತ್ತಾ ಮೀಟರ್ ಅಳೆಯಲು ಆಗಲ್ಲ. ಎಣಿಸಿ. ಮಂಜಿನಿಂದ ಒಂದು ಮರವೋ ಕಿಲೋಮೀಟರ್ ಕಲ್ಲೋ ಹೊರಬಂದ ತಕ್ಷಣ 'ಸಾವಿರದ ಒಂದು, ಸಾವಿರದ ಎರಡು' ಅಂತ ಶುರು ಮಾಡಿ. ಅದು ನಿಮ್ಮ ಪಕ್ಕಕ್ಕೆ ಬರುವಷ್ಟರಲ್ಲಿ ನಾಲ್ಕು ಎಣಿಸಲು ಆದರೆ ಚತುಷ್ಪಥದಲ್ಲಿ ವೇಗ ಸರಿಯಿದೆ. ಎದುರು ಸಂಚಾರ ಇರುವ ರಸ್ತೆಯಲ್ಲಿ ಏಳೆಂಟು ಎಣಿಸಲು ಆಗಬೇಕು. ಆಗದಿದ್ದರೆ ವೇಗ ಇಳಿಸಿ. ಮಂಜು ದಟ್ಟವಾಗುತ್ತಿದೆಯಾ ತೆಳುವಾಗುತ್ತಿದೆಯಾ ಅನ್ನುವುದೂ ಇದರಲ್ಲೇ ತಿಳಿಯುತ್ತದೆ.

ಸ್ಪೀಡೋಮೀಟರ್ ಮೇಲೂ ಕಣ್ಣಿರಲಿ. ಪಕ್ಕದಲ್ಲಿ ಹಿಂದಕ್ಕೆ ಸರಿಯುವ ಮರ, ಮನೆ ಕಾಣದಿದ್ದಾಗ ವೇಗದ ಅಂದಾಜು ತಪ್ಪುತ್ತದೆ. 25 ರಲ್ಲಿದ್ದೇನೆ ಅಂದುಕೊಂಡರೆ ಮುಳ್ಳು 40 ರ ಮೇಲಿರಬಹುದು.

ಮುಂದಿನ ಲಾರಿಯ ಕೆಂಪು ದೀಪ ಹಿಡಿದು ಅದರ ಬೆನ್ನಿಗೇ ಹೋಗುವುದು ಬಹಳ ಜನರ ರೂಢಿ. ದಾರಿ ತೋರಿಸುವವನು ಸಿಕ್ಕ ಅಂತ ಮನಸ್ಸಿಗೆ ಹಗುರ ಅನಿಸುತ್ತದೆ. ಆದರೆ ಆ ದೀಪ ಕಣ್ಣಿಗೆ ತಪ್ಪಬಾರದು ಅಂತ ನಿಮಗೆ ಗೊತ್ತಿಲ್ಲದೆಯೇ ಹತ್ತಿರ ಹತ್ತಿರ ಹೋಗುತ್ತೀರಿ. ಅವನು ಗಕ್ಕನೆ ನಿಂತರೆ ನಿಮಗೆ ಜಾಗ ಇಲ್ಲ. ಅವನು ರಸ್ತೆ ಬಿಟ್ಟರೆ ನೀವೂ ಬಿಡುತ್ತೀರಿ. ದೀಪ ಮಸುಕಾಗಿ ಕಾಣುವಷ್ಟು ದೂರ ಬಿಟ್ಟುಬಿಡಿ, ದಾರಿಗೆ ಎಡಗಡೆಯ ಬಿಳಿ ಗೆರೆ ನಂಬಿ. ನಡುಗೆರೆ ಬೇಡ. ನಡುಗೆರೆ ಹಿಡಿದು ಬರುವ ಇನ್ನೊಬ್ಬ ಎದುರಿಗೂ ಇರುತ್ತಾನೆ.

ಹಿಂದಿನವನು ಲೈಟು ಹೊಡೆದು ಅವಸರ ಮಾಡಿದರೆ ವೇಗ ಹೆಚ್ಚಿಸಬೇಡಿ. ಅಗಲ ಜಾಗ ಸಿಕ್ಕಾಗ ಸೈಡು ಕೊಟ್ಟು ಕಳಿಸಿಬಿಡಿ. ನೀವು ಮಾತ್ರ ಯಾರನ್ನೂ ಓವರ್‌ಟೇಕ್ ಮಾಡಬೇಡಿ.

5. ಲೈಟು

ಹೈ ಬೀಮ್ ಹಾಕಿದರೆ ಬಿಳಿ ಪಂಚೆಗೆ ಟಾರ್ಚ್ ಬಿಟ್ಟಂತೆ ಬೆಳಕೆಲ್ಲ ವಾಪಸ್ ಕಣ್ಣಿಗೇ ಬರುತ್ತದೆ. ಡಿಮ್‌ನಲ್ಲಿಡಿ. ಕೆಳಗೆ ಬಂಪರ್‌ನಲ್ಲಿ ಫಾಗ್ ಲ್ಯಾಂಪ್ ಇದ್ದರೆ ಅದನ್ನೂ ಹಾಕಿ. ಕ್ಯಾಬಿನ್ ನೆತ್ತಿಯ ಮೇಲೆ ಎಲ್‌ಇಡಿ ಪಟ್ಟಿ ಹಾಕಿಸಿಕೊಂಡವರು ಮಂಜಿನಲ್ಲಿ ಅದನ್ನು ಆರಿಸಿ. ಬರೀ ಪಾರ್ಕಿಂಗ್ ಲೈಟಿನಲ್ಲಿ ಓಡಿಸಬೇಡಿ. ಹಗಲಾದರೂ ಹೆಡ್‌ಲೈಟು ಬೇಕು.

ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಘಾಟಿ ಇಳಿಯುವುದು ಈಗ ಫ್ಯಾಷನ್ ಆಗಿದೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಆ ದೀಪದ ಅರ್ಥ 'ನಾನು ನಿಂತಿದ್ದೇನೆ, ಹುಷಾರು' ಅಂತ. ಓಡುವ ಗಾಡಿಗಳೆಲ್ಲ ಅದನ್ನೇ ಹಾಕಿಕೊಂಡರೆ ನಿಜವಾಗಿ ನಿಂತ ಗಾಡಿಯನ್ನು ಗುರುತಿಸುವುದು ಹೇಗೆ? ಜೊತೆಗೆ ನೀವು ಎಡಕ್ಕೆ ತಿರುಗುತ್ತೀರೋ ಬಲಕ್ಕೋ ಹಿಂದಿನವನಿಗೆ ತಿಳಿಯಲ್ಲ. ಮುಂದೆ ಸಾಲು ನಿಂತಿದೆ, ನೀವೂ ನಿಲ್ಲಿಸುತ್ತಿದ್ದೀರಿ ಅಂದಾಗ ಹಾಕಿ. ಸಾಲು ಹೊರಟ ಮೇಲೆ ಆರಿಸಿ.

ಹಾಡು ಬಂದ್ ಮಾಡಿ, ಕಿಟಕಿ ಸ್ವಲ್ಪ ಇಳಿಸಿ. ತಿರುವಿನ ಆಚೆ ಹತ್ತುತ್ತಿರುವ ಲಾರಿಯ ಇಂಜಿನ್ ಸದ್ದು ಅದರ ದೀಪಕ್ಕಿಂತ ಮೊದಲು ಸಿಗುತ್ತದೆ. ಕುರುಡು ತಿರುವಿಗೆ ಮೊದಲು ಒಂದು ಉದ್ದ ಹಾರ್ನ್ ಹೊಡೆದು, ಒಂದು ಗಳಿಗೆ ಕಿವಿಗೊಡಿ.

6. ಇಳಿಯುವಾಗ

ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು. ಹಳೆಯ ಮಾತು, ಮಂಜಿನಲ್ಲಿ ಎರಡು ಪಟ್ಟು ನಿಜ. ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿ. ಎಕ್ಸಾಸ್ಟ್ ಬ್ರೇಕ್ (ಇಂಜಿನ್ ಹೊಗೆಯನ್ನು ತಡೆದು ವೇಗ ಇಳಿಸುವ ಬ್ರೇಕ್) ಬಳಸಿ. ಖಾಲಿ ಗಾಡಿ, ಒದ್ದೆ ರಸ್ತೆ ಆದರೆ ತಿರುವಿನೊಳಗೆ ಅದನ್ನು ಹಾಕಬೇಡಿ, ಹಿಂದಿನ ಚಕ್ರ ಜಾರಬಹುದು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದು ಪ್ರಾಣಕ್ಕೆ ಕುತ್ತು. ಮಂಜಿನಲ್ಲಿ ಏನೂ ಕಾಣದೆ ಸುಮ್ನೆ ಬ್ರೇಕ್ ಒತ್ತಿಕೊಂಡೇ ಇಳಿದರೆ ಲೈನರ್ ಕಾದು, ನಿಜವಾಗಿ ಬೇಕಾದಾಗ ಹಿಡಿಯಲ್ಲ. ಸುಟ್ಟ ವಾಸನೆ ಬಂದರೆ ಮುಂದಿನ ಅಗಲ ಜಾಗದಲ್ಲಿ ನಿಲ್ಲಿಸಿ ಆರಲು ಬಿಡಿ, ಬಿಸಿ ಡ್ರಮ್ಮಿಗೆ ನೀರು ಸುರಿಯಬೇಡಿ. ಕಿರಿದಾದ ಜಾಗದಲ್ಲಿ ಹತ್ತುವವನಿಗೆ ದಾರಿ ಬಿಡಬೇಕು ಅನ್ನುವುದು ನಿಯಮ.

ಮಳೆಗಾಲದಲ್ಲಿ ರಸ್ತೆಯ ಹೊರ ಅಂಚನ್ನು ನಂಬಬೇಡಿ. ಕೆಳಗಿನ ಮಣ್ಣು ಕೊಚ್ಚಿಹೋಗಿ ಟಾರು ಮಾತ್ರ ಉಳಿದಿರಬಹುದು.

7. ರಸ್ತೆಯ ಮೇಲೆ ಏನೇನು ಇರಬಹುದು

ನಮ್ಮ ಜಿಲ್ಲೆಗಳ ಮಂಜಿನೊಳಗೆ ಅಡಗಿರುವ ವಸ್ತುಗಳಿಗೆ ಕಾಲವಿದೆ. ಯಾವ ತಿಂಗಳು ಏನು ಸಿಗುತ್ತದೆ ಗೊತ್ತಿದ್ದರೆ ಕಣ್ಣು ಅದನ್ನು ಬೇಗ ಹಿಡಿಯುತ್ತದೆ.

ನವೆಂಬರ್‌ನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲು. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಬೆಳಿಗ್ಗೆ ಆಳುಗಳನ್ನು ತುಂಬಿದ ಜೀಪು, ಪಿಕಪ್ಪು ತೋಟದ ಗೇಟಿನ ಮುಂದೆ ರಸ್ತೆಯಲ್ಲೇ ನಿಲ್ಲುತ್ತವೆ. ಹೆಂಗಸರು ಗುಂಪಾಗಿ ಅಂಚಿನಲ್ಲಿ ನಡೆಯುತ್ತಿರುತ್ತಾರೆ, ತಲೆ ಮೇಲೆ ಕಪ್ಪು ಕಂಬಳಿ, ಕಡು ಬಣ್ಣದ ಸ್ವೆಟರು. ತೋಟದ ಗೇಟು ಬಂದಲ್ಲೆಲ್ಲ ಕಾಲು ಆಕ್ಸಿಲರೇಟರ್ ಬಿಟ್ಟಿರಲಿ.

ಬಯಲು ಸೀಮೆಯಲ್ಲಿ ಅದೇ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರ್. ಟ್ರೇಲರ್‌ಗೆ ಹಿಂದೆ ದೀಪವಿಲ್ಲ, ಇದ್ದರೂ ಕಬ್ಬಿನ ಗರಿ ಮುಚ್ಚಿರುತ್ತದೆ. ರಾಗಿ, ಹುರುಳಿಯ ಒಕ್ಕಣೆ ಊರ ರಸ್ತೆಯ ಮೇಲೇ ನಡೆಯುತ್ತದೆ. ಹರಡಿದ ಹುಲ್ಲು ಜಾರುತ್ತದೆ, ಅದರ ಸುತ್ತ ಗಾಡಿ ಬರದಂತೆ ಕಲ್ಲು ಇಟ್ಟಿರುತ್ತಾರೆ. ರೈತರಲ್ಲಿ ಒಂದು ಕೋರಿಕೆ: ಸಂಜೆ ಮನೆಗೆ ಹೋಗುವಾಗ ಆ ಕಲ್ಲು ಎತ್ತಿಡಿ. ಟ್ರೇಲರ್ ಹಿಂದೆ ಕೆಂಪು ಸ್ಟಿಕ್ಕರ್ ಒಂದು ಗೇಣು ಅಂಟಿಸಿದರೂ ಸಾಕು.

ಶಿವರಾತ್ರಿ ಮುಂಚಿನ ದಿನಗಳಲ್ಲಿ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟ ಸಾವಿರಾರು ಜನ ಈ ಘಾಟಿಗಳಲ್ಲಿ ನಡೆಯುತ್ತಾರೆ. ಬಿಸಿಲು ತಪ್ಪಿಸಲು ರಾತ್ರಿ, ಬೆಳಗಿನ ಜಾವ ನಡೆಯುವವರೇ ಹೆಚ್ಚು. ಸುಸ್ತಾದವರು ಅಂಚಿನಲ್ಲೇ ಮಲಗಿರುತ್ತಾರೆ. ಆ ದಿನಗಳಲ್ಲಿ ಎಡ ಅಂಚಿಗೆ ಗಾಡಿ ಇಳಿಸುವ ಮೊದಲು ಕ್ಲೀನರ್ ಇಳಿದು ಟಾರ್ಚ್ ಹಾಕಿ ನೋಡಲೇಬೇಕು.

ಮಳೆಗಾಲದಲ್ಲಿ ಚಾರ್ಮಾಡಿಯ ಜಲಪಾತಗಳ ಮುಂದೆ ಪ್ರವಾಸಿಗರ ಕಾರು ಟಾರಿನ ಮೇಲೇ ನಿಂತಿರುತ್ತವೆ. ಬಾಗಿಲು ರಸ್ತೆ ಕಡೆಗೇ ತೆರೆಯುತ್ತದೆ, ಮಕ್ಕಳು ಓಡಿ ಬರುತ್ತಾರೆ.

ಮತ್ತೆ ಆನೆ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ತಾಲ್ಲೂಕುಗಳಲ್ಲಿ ಅವು ವರ್ಷವಿಡೀ ತೋಟದಿಂದ ತೋಟಕ್ಕೆ ರಸ್ತೆ ದಾಟುತ್ತವೆ. ಬೂದು ಮಂಜಿನಲ್ಲಿ ಬೂದು ಆನೆ, ಮೈಮೇಲೆ ರಿಫ್ಲೆಕ್ಟರ್ ಇಲ್ಲ. ಕಂಡರೆ ದೂರದಲ್ಲೇ ನಿಲ್ಲಿಸಿ, ಡಿಮ್ ಮಾಡಿ, ಹಾರ್ನ್ ಬೇಡ, ಯಾರೂ ಇಳಿಯುವುದು ಬೇಡ. ಒಂದು ದಾಟಿತು ಅಂತ ಹೊರಡಬೇಡಿ, ಹಿಂದೆ ಮರಿ ಇರಬಹುದು. ಹಿಂದೆ ಬರುವವರಿಗಾಗಿ ನಾಲ್ಕೂ ಇಂಡಿಕೇಟರ್ ಹಾಕಿಕೊಳ್ಳಿ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆ ಆನೆಗಳು ಎಲ್ಲಿವೆ ಅಂತ ಮೊಬೈಲ್‌ಗೆ ಸಂದೇಶ ಕಳಿಸುತ್ತದೆ. ದಿನಾ ಓಡಾಡುವವರು ಸ್ಥಳೀಯ ಗುಂಪಿಗೆ ಸೇರಿಕೊಳ್ಳುವುದು ಒಳ್ಳೆಯದು.

8. ನಿಲ್ಲಬೇಕಾಗಿ ಬಂದರೆ

ಬೇಕೆಂದೇ ನಿಲ್ಲುವುದಾದರೆ ಟಾರಿನಿಂದ ಪೂರ್ತಿ ಹೊರಗೆ. ಪೆಟ್ರೋಲ್ ಬಂಕು, ಹೋಟೆಲ್ ಅಂಗಳ, ಲಾರಿ ನಿಲ್ದಾಣ, ಹೀಗೆ. ಅರ್ಧ ಗಾಡಿ ಮಣ್ಣಿನ ಮೇಲೆ, ಅರ್ಧ ಟಾರಿನ ಮೇಲೆ ನಿಂತರೆ ಅದು ನಿಂತಂತಲ್ಲ. ಘಾಟಿಯಲ್ಲಿ ಅಂಥ ಜಾಗ ಕಡಿಮೆ, ಆದ್ದರಿಂದ ನಿಲ್ಲುವ ನಿರ್ಧಾರ ಸಕಲೇಶಪುರದಲ್ಲೋ ಕೊಟ್ಟಿಗೆಹಾರದಲ್ಲೋ ಆಗಬೇಕು. ಮೂರು ತಿರುವು ಇಳಿದ ಮೇಲೆ ಅಲ್ಲ.

ಬಂಕಿನ ಒಳಗೆ ದೂರ ನಿಂತಿದ್ದರೆ ಹಿಂದಿನ ದೀಪ ಆರಿಸಿ. ಉರಿಯುತ್ತಿದ್ದರೆ ರಸ್ತೆಯಲ್ಲಿ ಬರುವವನು ಅದೇ ದಾರಿ ಅಂತ ನಿಮ್ಮ ಬೆನ್ನಿಗೆ ಬರಬಹುದು. ರಸ್ತೆಗೆ ತಾಗಿಯೇ ನಿಂತಿದ್ದರೆ ಎಲ್ಲ ದೀಪವೂ ಉರಿಯಲಿ.

ಕೆಟ್ಟು ರಸ್ತೆಯಲ್ಲೇ ನಿಂತರೆ ಮೊದಲ ಐದು ನಿಮಿಷ ರಿಪೇರಿಗೆ ಕೈ ಹಾಕಬೇಡಿ. ಕ್ರಮ ಹೀಗಿರಲಿ:

1. ನಾಲ್ಕೂ ಇಂಡಿಕೇಟರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಚಕ್ರಕ್ಕೆ ಅಡ್ಡೆ ಕೊಡಿ, ಸ್ಟೀರಿಂಗನ್ನು ಗುಡ್ಡದ ಕಡೆಗೆ ತಿರುಗಿಸಿ. ಗಾಡಿ ಜಾರಿದರೂ ಧರೆಗೆ ತಾಗಿ ನಿಲ್ಲುತ್ತದೆ.
2. ಜಾಕೆಟ್ ಹಾಕಿಕೊಂಡು ರಸ್ತೆ ಇಲ್ಲದ ಕಡೆಯ ಬಾಗಿಲಿನಿಂದ ಇಳಿಯಿರಿ. ಮಲಗಿರುವ ಕ್ಲೀನರ್‌ನನ್ನು ಎಬ್ಬಿಸಿ ಇಳಿಸಿ.
3. ತ್ರಿಕೋನವನ್ನು ಮುಂದೆ ಹಿಡಿದುಕೊಂಡು, ಟಾರ್ಚ್ ಹಾಕಿ, ಅಂಚಿನಲ್ಲೇ ಹಿಂದಕ್ಕೆ ನಡೆಯಿರಿ. 70 ಹೆಜ್ಜೆ ಅಂದರೆ ಸುಮಾರು 50 ಮೀಟರ್. ಅದು ಕನಿಷ್ಠ. ಮಧ್ಯೆ ತಿರುವಿದ್ದರೆ ತಿರುವಿನ ಆಚೆಗೇ ಇಡಿ. ಎರಡನೆಯದನ್ನು ಎದುರು ದಿಕ್ಕಿನವರಿಗೆ ಇಡಿ.
4. ಅಲ್ಲಿಂದ ಒಮ್ಮೆ ತಿರುಗಿ ನಿಮ್ಮ ಗಾಡಿಯನ್ನು ನೋಡಿ. ನಿಮಗೇ ಕಾಣದಿದ್ದರೆ ಬರುವವನಿಗೂ ಕಾಣಲ್ಲ. ಆಗ ಮಿನುಗುವ ದೀಪವನ್ನು ಬಾಡಿಯ ಬಲ ಮೂಲೆಗೆ ಅಂಟಿಸಿ.
5. 112 ಕ್ಕೆ ಅಥವಾ ಹೆದ್ದಾರಿ ಸಹಾಯವಾಣಿ 1033 ಕ್ಕೆ ಫೋನ್ ಮಾಡಿ. ಶಿರಾಡಿಯಾದರೆ ಹೆದ್ದಾರಿ 75, ಯಾವ ಊರಿನ ಕಡೆ ಮುಖ, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಯಾವ ಪಥ ಮುಚ್ಚಿದೆ, ಇಷ್ಟು ಹೇಳಿ. ಘಾಟಿಯ ಕೆಲವು ಕಡೆ ನೆಟ್‌ವರ್ಕ್ ಸಿಗಲ್ಲ. ಹಾದುಹೋಗುವ ಚಾಲಕನ ಕೈಯಲ್ಲಿ ಸಕಲೇಶಪುರಕ್ಕೋ ಗುಂಡ್ಯಕ್ಕೋ ಸುದ್ದಿ ಕಳಿಸಿ.

ಗಾಡಿಯ ಹಿಂದೆ, ಎರಡು ಗಾಡಿಗಳ ನಡುವೆ, ಕ್ಯಾಬಿನ್ ಒಳಗೆ ಇರಬೇಡಿ. ತಡೆಗೋಡೆ ಇದ್ದರೆ ಅದರ ಆಚೆ ಜಾಗ ನೋಡಿ ನಿಲ್ಲಿ. ಮಳೆಗಾಲವಾದರೆ ಸಡಿಲ ಧರೆಯ ಅಡಿಯಲ್ಲಿ ನಿಲ್ಲಬೇಡಿ.

ತ್ರಿಕೋನ ಇಲ್ಲದವರು ಸೊಪ್ಪಿನ ಕೊಂಬೆ ಮುರಿದು ಹಾಕುತ್ತಾರೆ, ಕಲ್ಲು ಜೋಡಿಸುತ್ತಾರೆ. ಸೊಪ್ಪು ಏನೂ ಇಲ್ಲದ್ದಕ್ಕಿಂತ ವಾಸಿ. ಕಲ್ಲು ಬೇಡವೇ ಬೇಡ. ಗಾಡಿ ರಿಪೇರಿಯಾಗಿ ಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ಮರುದಿನ ಬೆಳಿಗ್ಗೆ ಮಂಜಿನಲ್ಲಿ ಹಾಲು ಹಾಕಲು ಡೇರಿಗೆ ಹೊರಟ ಬೈಕಿನ ಮುಂದಿನ ಚಕ್ರಕ್ಕೆ ಅದು ಸಿಗುತ್ತದೆ. ಈ ಒಂದು ರೂಢಿಯ ಮೇಲೆ ನನಗೆ ತುಂಬ ಸಿಟ್ಟಿದೆ. ಕಲ್ಲು ಇಟ್ಟವನು ತೆಗೆದೇ ಹೊರಡಬೇಕು. ದಾರಿಯಲ್ಲಿ ಬೇರೆಯವರು ಬಿಟ್ಟದ್ದು ಕಂಡರೂ, ಸುರಕ್ಷಿತವಾಗಿ ನಿಲ್ಲಲು ಆದರೆ, ಸರಿಸಿ ಹೋಗಿ. ಡೀಸೆಲ್, ಆಯಿಲ್ ಚೆಲ್ಲಿದ್ದರೆ ಮೇಲೆ ಮಣ್ಣು ಹಾಕಿ.

9. ಅಪಘಾತ ಆದರೆ

ಮಂಜಿನಲ್ಲಿ ಮೊದಲ ಗುದ್ದಿಗಿಂತ ಎರಡನೆಯದು, ಮೂರನೆಯದು ಕೆಟ್ಟದು. ಏನಾಯಿತು ಅಂತ ನೋಡಲು ಇಳಿದವರು, ಸಹಾಯಕ್ಕೆ ಓಡಿ ಬಂದವರು ರಸ್ತೆ ಮಧ್ಯೆ ನಿಂತಿರುತ್ತಾರೆ. ಹಿಂದಿನಿಂದ ಬರುವವನಿಗೆ ಏನೂ ಗೊತ್ತಿರಲ್ಲ. ಹಾಗಾಗಿ ಸ್ಥಳದಲ್ಲಿ ಇಬ್ಬರು ಇದ್ದರೆ ಒಬ್ಬ ಗಾಯಾಳುಗಳ ಕಡೆ, ಇನ್ನೊಬ್ಬ ಟಾರ್ಚ್ ಹಿಡಿದು ಹಿಂದಕ್ಕೆ. ಎರಡನೆಯ ಕೆಲಸ ಚಿಕ್ಕದಲ್ಲ.

ಇಂಜಿನ್ ಆಫ್ ಮಾಡಿ. 108 ಕ್ಕೆ ಕರೆ ಮಾಡಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ. ಬೆಂಕಿಯ ಭಯ ಇಲ್ಲದಿದ್ದರೆ ಸಿಕ್ಕಿಹಾಕಿಕೊಂಡವರನ್ನು ಎಳೆಯಬೇಡಿ. ನೀರು ಕುಡಿಸಬೇಡಿ.

ಗುದ್ದಿದ್ದು ಟ್ಯಾಂಕರ್ ಆದರೆ ಲೆಕ್ಕ ಬೇರೆ. ಮಂಗಳೂರಿನಿಂದ ಬರುವ ಅಡುಗೆ ಅನಿಲದ ಟ್ಯಾಂಕರ್‌ಗಳು ಶಿರಾಡಿಯಲ್ಲೇ ಹತ್ತುತ್ತವೆ. ಇದೇ ಹೆದ್ದಾರಿಯಲ್ಲಿ, ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ, 2013 ರ ಏಪ್ರಿಲ್‌ನಲ್ಲಿ ಉರುಳಿದ ಗ್ಯಾಸ್ ಟ್ಯಾಂಕರ್ ಬೆಂಕಿ ಹತ್ತಿ ಜನ ಪ್ರಾಣ ಕಳೆದುಕೊಂಡರು. ಸೋರುವ ಗ್ಯಾಸು ತಣ್ಣಗೆ ಬಿಳಿ ಹಬೆಯಾಗಿ ನೆಲದ ಮೇಲೆ ಹರಿಯುತ್ತದೆ, ನೋಡಲು ಮಂಜಿನ ಹಾಗೇ. ಮಂಜಿನೊಳಗೆ ಅದು ಗೊತ್ತೇ ಆಗಲ್ಲ. ಮೂಗನ್ನು ನಂಬಿ. ಸಿಲಿಂಡರ್ ಸೋರಿದ ವಾಸನೆ ಬಂದರೆ ನಿಮ್ಮ ಗಾಡಿ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಬೇಡಿ. ಮೊಬೈಲ್, ಲೈಟರ್, ಟಾರ್ಚಿನ ಸ್ವಿಚ್ ಯಾವುದನ್ನೂ ಅಲ್ಲಿ ಮುಟ್ಟಬೇಡಿ. ಗ್ಯಾಸು ಗಾಳಿಗಿಂತ ಭಾರ, ತಗ್ಗಿಗೆ ಹರಿಯುತ್ತದೆ. ಆದ್ದರಿಂದ ಗಾಳಿ ಬೀಸಿ ಬರುವ ದಿಕ್ಕಿಗೆ, ಏರಿನ ಕಡೆಗೆ ನಡೆದು ಹೋಗಿ, ವಾಸನೆಯಿಂದ ಪೂರ್ತಿ ದೂರವಾದ ಮೇಲೆ 112 ಕ್ಕೂ, ಗ್ಯಾಸ್ ಸೋರಿಕೆಯ 1906 ಕ್ಕೂ ಫೋನ್ ಮಾಡಿ. ಹೋಗುತ್ತಾ ಎದುರು ಸಿಕ್ಕ ಪ್ರತಿ ಗಾಡಿಯನ್ನೂ ನಿಲ್ಲಿಸಿ ಆಫ್ ಮಾಡಿಸಿ.

ಕೊನೆಗೆ ಕಾನೂನಿನ ಮಾತು. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಚಾಲಕನ ಕರ್ತವ್ಯ ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 134 ನೇ ಕಲಂ. ಜನ ಸೇರಿ ಹೊಡೆಯುವ ಪರಿಸ್ಥಿತಿ ಇದ್ದರೆ ಚಿಕಿತ್ಸೆ ಕೊಡಿಸುವ ಕರ್ತವ್ಯದಿಂದ ಅದೇ ಕಲಂ ವಿನಾಯಿತಿ ಕೊಟ್ಟಿದೆ. ಆದರೆ ನೇರ ಹತ್ತಿರದ ಠಾಣೆಗೆ ಹೋಗಿ ಹೇಳಬೇಕು, ಊರಿಗೆ ಓಡಿಹೋಗುವುದಲ್ಲ. ಸಹಾಯ ಮಾಡಿದ ದಾರಿಹೋಕರಿಗೆ 134ಎ ಕಲಂ ರಕ್ಷಣೆ ಕೊಡುತ್ತದೆ, ಹೆಸರು ಹೇಳಬೇಕೆಂಬ ಬಲವಂತವೂ ಇಲ್ಲ. 2025 ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಸಿಗುತ್ತದೆ. ಕೈಯಲ್ಲಿ ದುಡ್ಡಿಲ್ಲ ಅಂತ ಯಾರನ್ನೂ ರಸ್ತೆಯಲ್ಲಿ ಬಿಡಬೇಕಾಗಿಲ್ಲ.